ಫೋನು ಬದಲಿಸುವ ಮೊದಲು ಜಾಗ ಬದಲಿಸಿ

"ಹೊಸ ಫೋನು ತಗೊಂಡೆ ಸಾರ್, ಐವತ್ತು ಮೆಗಾಪಿಕ್ಸೆಲ್ ಅಂತೆ. ಫೋಟೋ ಮಾತ್ರ ಹಳೇದರ ಹಾಗೇ ಬರ್ತಿದೆ." ಈ ದೂರು ನನಗೆ ಬೇರೆ ಬೇರೆ ಊರುಗಳಿಂದ, ಬೇರೆ ಬೇರೆ ಧಾಟಿಯಲ್ಲಿ ಬರುತ್ತಲೇ ಇರುತ್ತದೆ. ಪ್ರವಾಸ ಮುಗಿಸಿ ಬಂದವರು, ಮನೆಯಲ್ಲಿ ನಾಮಕರಣ ಮಾಡಿದವರು, ತೋಟದ ಹಕ್ಕಿಯ ಬೆನ್ನು ಹತ್ತಿದವರು, ಎಲ್ಲರದೂ ಒಂದೇ ಪ್ರಶ್ನೆ: ಅಲ್ಲಿ ನಿಂತಾಗ ಅಷ್ಟು ಚೆನ್ನಾಗಿ ಕಂಡದ್ದು ಫೋಟೋದಲ್ಲಿ ಯಾಕೆ ಸಪ್ಪೆ? ಜೊತೆಗೆ ಫೋಟೋವನ್ನೂ ಕಳಿಸಿರುತ್ತಾರೆ. ನೋಡಿದರೆ ಫೋನಿನ ತಪ್ಪು ಏನೂ ಇರುವುದಿಲ್ಲ. ಬಣ್ಣ ಸರಿಯಿದೆ, ಚಿತ್ರ ಅಲುಗಿಲ್ಲ, ಬೆಳಕಿಗೂ ಕೊರತೆಯಿಲ್ಲ. ಆದರೆ ತೊಟ್ಟಿಲ ಮಗುವಿನ ನೆತ್ತಿಯಿಂದ ಟ್ಯೂಬ್‌ಲೈಟು ಹೊರಟಿದೆ, ಬಲಗಡೆ ಯಾರದೋ ಅರ್ಧ ಮೊಣಕೈ ನುಗ್ಗಿದೆ, ಕೆಳಗೆ ಖಾಲಿ ನೆಲವೇ ಮುಕ್ಕಾಲು ಚಿತ್ರವನ್ನು ತಿಂದಿದೆ.

ಮಗುವನ್ನು ನೋಡುವಾಗ ನಾವು ಮಗುವನ್ನಷ್ಟೇ ನೋಡುತ್ತೇವೆ. ಟ್ಯೂಬ್‌ಲೈಟು, ಕ್ಯಾಲೆಂಡರು, ಮೂಲೆಯ ಪ್ಲಾಸ್ಟಿಕ್ ಕುರ್ಚಿ ಕಣ್ಣಿಗೆ ಬಿದ್ದರೂ ಗಮನಕ್ಕೆ ಬರುವುದಿಲ್ಲ. ಬೇಡದ್ದನ್ನೆಲ್ಲ ಮನಸ್ಸು ತಾನಾಗಿ ಬದಿಗೆ ಸರಿಸಿಬಿಡುತ್ತದೆ. ಕ್ಯಾಮೆರಾ ಮಾತ್ರ ಏನನ್ನೂ ಬದಿಗೆ ಸರಿಸುವುದಿಲ್ಲ. ಅದಕ್ಕೆ ಮಗುವೂ ಒಂದೇ, ಕುರ್ಚಿಯೂ ಒಂದೇ. ಎದುರಿಗಿದ್ದದ್ದನ್ನೆಲ್ಲ ಸಮನಾಗಿ ದಾಖಲಿಸುತ್ತದೆ. ಫೋಟೋ ಮಂದಿ ಕಾಂಪೊಸಿಷನ್ ಎಂದು ಕರೆಯುವ ವಿದ್ಯೆಯಲ್ಲಿ ಬಹುಪಾಲು ಇಷ್ಟೇ: ಮನಸ್ಸು ಪುಕ್ಕಟೆಯಾಗಿ ಮಾಡುತ್ತಿದ್ದ ಕಳೆಯುವ ಕೆಲಸವನ್ನು ನಾವು ಕಾಲಿನಿಂದ, ಮೊಣಕಾಲಿನಿಂದ, ಚೌಕಟ್ಟಿನ ಅಂಚಿನಿಂದ ಮಾಡಬೇಕು. ಇದಕ್ಕೆ ದುಡ್ಡು ಬೇಕಿಲ್ಲ. ಸ್ವಲ್ಪ ನಾಚಿಕೆ ಬಿಡಬೇಕು, ಯಾಕೆಂದರೆ ನಾಲ್ಕು ಜನರೆದುರು ಕೂರಬೇಕಾಗುತ್ತದೆ, ಬಗ್ಗಬೇಕಾಗುತ್ತದೆ, ಹಿಂದೆ ಮುಂದೆ ಓಡಾಡಬೇಕಾಗುತ್ತದೆ.

ಸಾಗರದ ಕಡೆಯ ನೆಂಟರ ಮನೆಯಲ್ಲಿ ಅಡಿಕೆ ಸುಲಿಯುವ ಹೊತ್ತು. ಅಜ್ಜಿ ಜಗಲಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತಿದ್ದರು. ಕಾಲೇಜಿಗೆ ಹೋಗುವ ಮೊಮ್ಮಗಳು ಅಂಗಳದಲ್ಲಿ ನಿಂತು ಫೋನು ಹಿಡಿದಿದ್ದಳು. "ಅಜ್ಜಿ, ಇಲ್ನೋಡು, ಸ್ವಲ್ಪ ನಗಾಡು." ಅಜ್ಜಿ ತಲೆ ಎತ್ತದೆ, "ಎಂತಕ್ಕೆ ನಗಾಡ್ಬೇಕು ಈಗ?" ಎಂದರು. ಹುಡುಗಿ ತೆಗೆದ ಚಿತ್ರ ನೋಡಿದೆ. ಅಜ್ಜಿ ನಡುವೆ ಚಿಕ್ಕದಾಗಿ ಇದ್ದಾರೆ. ಅವರ ತಲೆಗೆ ಸರಿಯಾಗಿ ಹಿಂದೆ ಜಗಲಿಯ ಕಂಬ. ಎಡ ಅಂಚಿನಲ್ಲಿ ಅರ್ಧ ಕತ್ತರಿಸಿದ ನೀಲಿ ಡ್ರಮ್ಮು. ಕೆಳಗಿನ ಅರ್ಧವೆಲ್ಲ ಬಿಸಿಲಿಗೆ ಬೆಳ್ಳಗಾದ ಅಂಗಳ. ಅಷ್ಟು ಬೆಳಕು ಒಂದೇ ಕಡೆ ಇದ್ದರೆ ನೋಡುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ, ನೆರಳಿನಲ್ಲಿರುವ ಅಜ್ಜಿಯ ಮುಖ ತಲುಪುವ ಹೊತ್ತಿಗೆ ಆಸಕ್ತಿ ಅರ್ಧ ಕರಗಿರುತ್ತದೆ.

ಜಗಲಿಯ ಮೆಟ್ಟಿಲ ಮೇಲೆ ಕೂತ್ಕೋ ಎಂದೆ. ಕೂತ ಕೂಡಲೇ ಫೋನು ಅಜ್ಜಿಯ ಕಣ್ಣಿನ ಮಟ್ಟಕ್ಕೆ ಇಳಿಯಿತು, ಅಂಗಳ ಚಿತ್ರದಿಂದ ತಾನಾಗಿಯೇ ಆಚೆ ಹೋಯಿತು. ಎರಡು ಹೆಜ್ಜೆ ಎಡಕ್ಕೆ ಸರಿಯುವಂತೆ ಹೇಳಿದೆ. ಆಗ ಕಂಬ ತಲೆಯ ಹಿಂದಿನಿಂದ ಬದಿಗೆ ಸರಿದು, ಅದರ ಜಾಗಕ್ಕೆ ನಡುಮನೆಯ ಬಾಗಿಲಿನ ಕತ್ತಲೆ ಬಂತು. ಬಿಳಿ ಕೂದಲು ಆ ಕತ್ತಲೆಯ ಮೇಲೆ ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ ಹುಡುಗಿ ತಾನಾಗಿಯೇ ಇನ್ನಷ್ಟು ಹತ್ತಿರ ಹೋದಳು; ಡ್ರಮ್ಮು ಹೊರಗಾಯಿತು, ಬದಲಿಗೆ ಸಿಪ್ಪೆಯ ರಾಶಿ ಮತ್ತು ಅಡಿಕೆ ಹಿಡಿದ ಕೈ ಒಳಗೆ ಬಂದವು. ಅಜ್ಜಿ ಕೊನೆಗೂ ನಗಲಿಲ್ಲ. ಕಣ್ಣು ಕತ್ತಿಯ ಮೇಲೆ, ಕೈ ಇನ್ನೇನು ಅಡಿಕೆಯನ್ನು ಒತ್ತಬೇಕು ಎನ್ನುವಾಗ ಹುಡುಗಿ ಕ್ಲಿಕ್ ಮಾಡಿದಳು. ಅದೇ ಫೋನು, ಅದೇ ಬೆಳಕು, ಅದೇ ಅಜ್ಜಿ.

ಇಲ್ಲಿ ನಡೆದದ್ದರಲ್ಲಿ ಗುಟ್ಟೇನೂ ಇಲ್ಲ. ಕತ್ತಲೆಯ ಮೇಲೆ ಬೆಳಕಿನದು, ಬೆಳಕಿನ ಮೇಲೆ ಕತ್ತಲೆಯದು ಎದ್ದು ಕಾಣುತ್ತದೆ. ಅಂಚಿನಲ್ಲಿ ಅರ್ಧಕ್ಕೆ ತುಂಡಾದ ವಸ್ತು, ಅದರಲ್ಲೂ ಗಾಢ ಬಣ್ಣದ್ದಾದರೆ, ನೋಟವನ್ನು ಚಿತ್ರದಿಂದ ಹೊರಗೆಳೆಯುತ್ತದೆ. ಇದನ್ನು ತಿಳಿಯುವುದು ಸುಲಭ. ಕ್ಲಿಕ್ ಮಾಡುವ ಆ ಗಡಿಬಿಡಿಯಲ್ಲಿ ಕಾಣುವುದು ಕಷ್ಟ, ಯಾಕೆಂದರೆ ಆಗ ನಮಗೆ ಅಜ್ಜಿ ಕಾಣುತ್ತಾರೆಯೇ ಹೊರತು ಬಿಳಿ ಕೂದಲು, ಕಪ್ಪು ಬಾಗಿಲು, ನೀಲಿ ತುಂಡು ಕಾಣುವುದಿಲ್ಲ. ವಸ್ತುಗಳ ಹೆಸರನ್ನು ಮರೆತು ಆಕಾರಗಳನ್ನು ನೋಡುವುದು ಹೇಗೆ ಎನ್ನುವುದೇ ಅಸಲು ಪ್ರಶ್ನೆ.

ಇದಕ್ಕೆ ಹಂಪಿಯಲ್ಲಿ ಒಂದು ಉತ್ತರವಿದೆ. ವಿರೂಪಾಕ್ಷ ದೇವಸ್ಥಾನದ ಗರ್ಭಗುಡಿಯ ಹಿಂಬದಿಯ ಕತ್ತಲ ಕೋಣೆಗೆ ಗೈಡುಗಳು ಎಲ್ಲರನ್ನೂ ಕರೆದೊಯ್ಯುತ್ತಾರೆ. ಒಂಬತ್ತು ಅಂತಸ್ತಿನ ಪೂರ್ವದ ರಾಜಗೋಪುರ ಅಲ್ಲಿನ ಗೋಡೆಯ ಮೇಲೆ ತಲೆಕೆಳಗಾಗಿ ಬಿದ್ದಿರುತ್ತದೆ. ಮಾಯವಿಲ್ಲ, ಮಂತ್ರವಿಲ್ಲ. ಬೆಳಕು ನೇರವಾಗಿ ಚಲಿಸುತ್ತದೆ. ಚಿಕ್ಕ ಕಿಂಡಿಯಲ್ಲಿ ತೂರಿ ಬರುವಾಗ ಗೋಪುರದ ತುದಿಯಿಂದ ಹೊರಟ ಕಿರಣ ಗೋಡೆಯ ಕೆಳಭಾಗಕ್ಕೂ, ಬುಡದಿಂದ ಹೊರಟದ್ದು ಮೇಲ್ಭಾಗಕ್ಕೂ ಬೀಳುತ್ತದೆ. ಕ್ಯಾಮೆರಾ ಹುಟ್ಟಿದ್ದೇ ಈ ತತ್ವದಿಂದ. ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ಫೋಟೋ ತೆಗೆಯುತ್ತಿದ್ದ ಹಳೆಯ ಸ್ಟುಡಿಯೋದವರು ಮದುಮಕ್ಕಳನ್ನು ನೋಡುತ್ತಿದ್ದದ್ದೂ ಹೀಗೆ, ಗಾಜಿನ ಮೇಲೆ ತಲೆಕೆಳಗಾಗಿ. ನಮಗೆ ತೊಂದರೆ ಎನಿಸುವ ಈ ಸಂಗತಿಯಿಂದ ಅವರಿಗೆ ಲಾಭವೇ ಇತ್ತು ಎಂದು ನನ್ನ ಅನಿಸಿಕೆ. ತಲೆಕೆಳಗಾದ ಮುಖದ ಗುರುತು ಸಲೀಸಾಗಿ ಹತ್ತುವುದಿಲ್ಲ. ಉಳಿಯುವುದು ಬೆಳಕು, ಕತ್ತಲೆ, ಗೆರೆ, ಖಾಲಿ ಜಾಗ.

ಫ್ರಾನ್ಸಿನ ಆನ್ರಿ ಕಾರ್ತಿಯೆ-ಬ್ರೆಸ್ಸೋನ್ ಫೋಟೋಗಳನ್ನು ಪರೀಕ್ಷಿಸುವಾಗ ಅವನ್ನು ತಲೆಕೆಳಗು ಮಾಡಿ ನೋಡುತ್ತಿದ್ದ. ಕಳೆದ ಶತಮಾನದ ದೊಡ್ಡ ಛಾಯಾಗ್ರಾಹಕರಲ್ಲಿ ಒಬ್ಬನಾದ ಇವನು ಕ್ಯಾಮೆರಾ ಹಿಡಿಯುವ ಮೊದಲು ಆಂದ್ರೆ ಲೋತ್ ಎಂಬ ಚಿತ್ರಕಲಾವಿದನ ಬಳಿ ಪೇಂಟಿಂಗ್ ಕಲಿತಿದ್ದ. ಫೋಟೋದಲ್ಲೂ ಅವನು ಹುಡುಕುತ್ತಿದ್ದದ್ದು ರೇಖಾಗಣಿತವನ್ನೇ. ನಾವೂ ಇದನ್ನು ಮಾಡಬಹುದು. ಫೋನಿನಲ್ಲಿ ಆಟೋ ರೊಟೇಟ್ ಆಫ್ ಮಾಡಿ, ತೆಗೆದ ಚಿತ್ರವನ್ನು ತೆರೆದು, ಫೋನನ್ನೇ ತಿರುಗಿಸಿ ಹಿಡಿಯಿರಿ. ಮೊದಲು ಕಣ್ಣು ಎಲ್ಲಿ ಬೀಳುತ್ತದೆ ನೋಡಿ. ನೀವು ಯಾರ ಫೋಟೋ ತೆಗೆದಿರೋ ಅವರ ಮೇಲೆ ಬಿದ್ದರೆ ಗೆದ್ದಿರಿ. ಮೂಲೆಯ ಬಿಳಿ ಕಿಟಕಿಯ ಮೇಲೋ ಯಾರದೋ ಕೆಂಪು ಬ್ಯಾಗಿನ ಮೇಲೋ ಬಿದ್ದರೆ, ಅಲ್ಲೇ ಇದ್ದೀರಲ್ಲ, ಒಂದು ಹೆಜ್ಜೆ ಸರಿದು ಇನ್ನೊಂದು ತೆಗೆಯಿರಿ. ಮನೆಗೆ ಬಂದ ಮೇಲೆ ಈ ಪರೀಕ್ಷೆ ಮಾಡಿ ಪ್ರಯೋಜನ ಕಡಿಮೆ.

ಹಂಪಿಯ ಮಾತು ಬಂತಲ್ಲ, ಕಲ್ಲಿನ ರಥವನ್ನೂ ನೋಡಿಬಿಡೋಣ. ವಿಜಯವಿಠ್ಠಲ ದೇವಸ್ಥಾನದ ಅಂಗಳಕ್ಕೆ ಕಾಲಿಟ್ಟವರು ರಥ ಕಂಡೊಡನೆ ನಿಂತು ಬಿಡುತ್ತಾರೆ, ನಿಂತಲ್ಲಿಂದಲೇ ತೆಗೆಯುತ್ತಾರೆ. 2017ರಲ್ಲಿ ಬಂದ 50 ರೂಪಾಯಿಯ ನೋಟಿನ ಹಿಂಬದಿಯಲ್ಲೂ ಆ ರಥ ಇರುವುದರಿಂದ, ಎಲ್ಲರ ಕಿಸೆಯಲ್ಲೂ ಇರುವ ಚಿತ್ರವನ್ನೇ ಮತ್ತೆ ತೆಗೆಯುವ ಉಮೇದು ಬೇರೆ. ಆ ಒಂದು ಚಿತ್ರ ತೆಗೆದುಕೊಳ್ಳಿ, ತಪ್ಪಿಲ್ಲ, ಮನೆಯವರಿಗೆ ತೋರಿಸಬೇಕಲ್ಲ. ಆಮೇಲೆ ಹತ್ತಿರ ಹೋಗಿ. ರಥದ ಮುಂದೆ ಎರಡು ಪುಟ್ಟ ಆನೆಗಳಿವೆ. ಅವು ಮೂಲದಲ್ಲಿ ಅಲ್ಲಿದ್ದವಲ್ಲ, ಅಲ್ಲಿದ್ದದ್ದು ಕುದುರೆಗಳು. ಆನೆಯ ಹಿಂದೆ ಬಗ್ಗಿ ನೋಡಿದರೆ ಕುದುರೆಯ ಹಿಂಗಾಲು, ಬಾಲದ ಕುರುಹು ಈಗಲೂ ಕಾಣುತ್ತವೆ. ಆನೆಯ ಬೆನ್ನು ಮತ್ತು ಕುದುರೆಯ ಬಾಲ ಎರಡೇ ತುಂಬಿರುವ ಒಂದು ಚಿತ್ರ ಆ ರಥದ ಕಥೆಯನ್ನು ಪೂರ್ತಿ ರಥಕ್ಕಿಂತ ಚೆನ್ನಾಗಿ ಹೇಳುತ್ತದೆ. ಇಲ್ಲವೇ ಸುತ್ತಲಿನ ಮಂಟಪದ ನೆರಳಿಗೆ ಸರಿದು, ಎರಡು ಕಂಬಗಳ ನಡುವೆ ರಥವನ್ನು ಇಟ್ಟು ನೋಡಿ. ಕಂಬಗಳು ಕಪ್ಪಾಗಿ ಎರಡೂ ಕಡೆ ಗೋಡೆ ಕಟ್ಟುತ್ತವೆ, ಐಸ್‌ಕ್ರೀಮ್ ತಿನ್ನುತ್ತಾ ನಿಂತ ಅರ್ಧ ಗುಂಪು ಅವುಗಳ ಹಿಂದೆ ಮರೆಯಾಗುತ್ತದೆ.

ಈಗ ಎಲ್ಲರೂ ಕೇಳುವ ಮೂರನೇ ಒಂದರ ನಿಯಮ. ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಮೂರು ಭಾಗ ಮಾಡಿ, ಗೆರೆಗಳು ಕೂಡುವಲ್ಲಿ ಮುಖ್ಯವಾದದ್ದನ್ನು ಇಡಬೇಕು ಎನ್ನುವುದು ಅದರ ಸಾರ. ಯೂಟ್ಯೂಬಿನಲ್ಲಿ ಫೋಟೋ ಪಾಠ ಹೇಳುವವರೆಲ್ಲ ಇಲ್ಲಿಂದಲೇ ಶುರುಮಾಡುವುದರಿಂದ ಇದು ಫೋಟೋಗ್ರಫಿಯ ಮೂಲಸೂತ್ರ ಎಂಬ ಭ್ರಮೆ ಇದೆ. ಅಸಲಿಗೆ ಇದು ಕ್ಯಾಮೆರಾಕ್ಕಿಂತ ಹಳೆಯದು. 1797ರಲ್ಲಿ ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಕಲಾವಿದ ಹಳ್ಳಿಗಾಡಿನ ದೃಶ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ ಈ ಹೆಸರು ಬರುತ್ತದೆ. ಅವನ ಕಾಳಜಿ ಇದ್ದದ್ದು ನೆಲಕ್ಕೆಷ್ಟು, ಆಕಾಶಕ್ಕೆಷ್ಟು ಎಂಬ ಪಾಲಿನ ಬಗ್ಗೆ. ಆ ಮಟ್ಟಿಗೆ ಅದು ಉಪಯುಕ್ತ. ಮಲ್ಪೆಯ ಕಡಲಂಚಿನಲ್ಲಿ ನಿಂತಾಗ ಆಕಾಶ ಚೆನ್ನಾಗಿದ್ದರೆ ಅದಕ್ಕೆ ಹೆಚ್ಚು ಪಾಲು ಕೊಡಿ, ಅಲೆ ಚೆನ್ನಾಗಿದ್ದರೆ ಅದಕ್ಕೆ ಕೊಡಿ, ಎರಡಕ್ಕೂ ಅರ್ಧರ್ಧ ಹಂಚಿ ಇಬ್ಬರನ್ನೂ ಸಮಾಧಾನ ಮಾಡಲು ಹೋಗಬೇಡಿ. ಕ್ಯಾಮೆರಾ ಸೆಟ್ಟಿಂಗ್ಸ್‌ಗೆ ಹೋಗಿ ಗ್ರಿಡ್ ಆನ್ ಮಾಡಿಕೊಂಡರೆ ಕಡಲು ಒಂದು ಕಡೆಗೆ ಓರೆಯಾಗಿ ಚೆಲ್ಲಿಹೋಗುವುದೂ ತಪ್ಪುತ್ತದೆ. ಗ್ರಿಡ್ಡಿನ ದೊಡ್ಡ ಉಪಯೋಗ ಅದೇ ಎನ್ನುತ್ತೇನೆ.

ಆದರೆ ಶ್ರವಣಬೆಳಗೊಳಕ್ಕೆ ಹೋಗಿ, 58 ಅಡಿಯ ಗೊಮ್ಮಟನನ್ನು ನಿಯಮದ ಪ್ರಕಾರ ಬದಿಯ ಗೆರೆಗೆ ತಳ್ಳಿದರೆ ಏನು ಸಿಗುತ್ತದೆ? ಎಡಬಲ ಸರಿಸಮನಾಗಿ, ಕೈ ಇಳಿಬಿಟ್ಟು, ನೆಟ್ಟಗೆ ನಿಂತ ಮೂರ್ತಿ ಅದು. ಶಿಲ್ಪಿಯೇ ನಡುವೆ ನಿಲ್ಲಿಸಿದವನನ್ನು ನಡುವೆಯೇ ಇಡಬೇಕು, ಅದೂ ಅಂಗುಲ ಆಚೀಚೆಯಾಗದಂತೆ. ಚೂರು ಬದಿಗೆ ಸರಿದು ತೆಗೆದರೆ ಸಮತೋಲವೂ ಇಲ್ಲ, ಓರೆನೋಟದ ಚೆಲುವೂ ಇಲ್ಲ. ಬೇಲೂರಿನ ಶಿಲಾಬಾಲಿಕೆಯರದು ಇದಕ್ಕೆ ತದ್ವಿರುದ್ಧ. ದರ್ಪಣಸುಂದರಿಯ ಸೊಂಟ ಒಂದು ಕಡೆಗೆ, ಭುಜ ಇನ್ನೊಂದು ಕಡೆಗೆ ಬಾಗಿದೆ, ಮೇಲೆ ಬಳ್ಳಿಯ ಕಮಾನು ಇದೆ. ಚೌಕಟ್ಟನ್ನು ಶಿಲ್ಪಿಯೇ ಕೆತ್ತಿಕೊಟ್ಟಿದ್ದಾನೆ; ಆ ಕಮಾನನ್ನು ಅರ್ಧಕ್ಕೆ ಕತ್ತರಿಸದಿದ್ದರೆ ಸಾಕು. ನಮ್ಮ ಕಡೆಯ ಫೋಟೋ ಕಲಿಯುವವರಿಗೆ ಹೊಯ್ಸಳರ ಗೋಡೆಗಿಂತ ಒಳ್ಳೆಯ ಪಠ್ಯ ಬೇಕಿಲ್ಲ ಎಂದು ನಾನು ಹೇಳುವುದುಂಟು. ಸ್ನೇಹಿತರು ಇದನ್ನು ಅಭಿಮಾನ ಎಂದು ನಗುತ್ತಾರೆ.

ಇನ್ನು ಝೂಮ್ ವಿಚಾರ. ಫೋನಿನ ಮುಖ್ಯ ಲೆನ್ಸು ಸಾಮಾನ್ಯವಾಗಿ ಅಗಲನೋಟದ್ದು, ಹಳೆಯ ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ ಸುಮಾರು 24ರಿಂದ 26 ಮಿಲಿಮೀಟರ್. ಕೋಣೆಯೊಳಗೆ ಎಲ್ಲರನ್ನೂ ಹಿಡಿಸಲು ಇದು ಅನುಕೂಲ. ಆದರೆ ಇದನ್ನೇ ಹಿಡಿದು ಒಬ್ಬರ ಮುಖಕ್ಕೆ ಹತ್ತಿರ ಹೋದರೆ ಮೂಗು ದಪ್ಪ, ಕಿವಿ ಸಣ್ಣ. ತಪ್ಪು ಲೆನ್ಸಿನದು ಎನ್ನುತ್ತಾರೆ, ನಿಜದಲ್ಲಿ ಅದು ದೂರದ ಲೆಕ್ಕ. ಒಂದು ಅಡಿ ದೂರದಲ್ಲಿ ನಿಂತರೆ ಕಿವಿಗಿಂತ ಮೂಗು ಎಷ್ಟೋ ಪಾಲು ಹತ್ತಿರ; ಐದಾರು ಅಡಿ ದೂರದಲ್ಲಿ ಆ ವ್ಯತ್ಯಾಸ ನಗಣ್ಯ. ಹಾಗಾಗಿ ಮುಖದ ಚಿತ್ರಕ್ಕೆ ಐದಾರು ಅಡಿ ಹಿಂದೆ ಸರಿದು 2ಎಕ್ಸ್ ಒತ್ತಿ. ಕಾರ್ತಿಯೆ-ಬ್ರೆಸ್ಸೋನ್ ಜೀವಮಾನದ ಬಹುಪಾಲು ಕೆಲಸವನ್ನು 50 ಮಿಲಿಮೀಟರ್ ಲೆನ್ಸಿನಲ್ಲೇ ಮಾಡಿದ, ಅದು ನಿಮ್ಮ 2ಎಕ್ಸ್‌ಗೆ ಹೆಚ್ಚುಕಡಿಮೆ ಸಮ. ಮದುವೆಮನೆಯ ಗ್ರೂಪ್ ಫೋಟೋದಲ್ಲಿ ಅಂಚಿಗೆ ನಿಂತ ಚಿಕ್ಕಪ್ಪ ಇದ್ದಕ್ಕಿಂತ ಅಗಲವಾಗಿ ಕಾಣುವುದು ಬೇರೆ ಕಾರಣಕ್ಕೆ: ಅಗಲನೋಟದ ಲೆನ್ಸು ಚಪ್ಪಟೆ ಚಿತ್ರ ಮೂಡಿಸುವಾಗ ಅಂಚಿನಲ್ಲಿರುವುದನ್ನು ಹೊರಕ್ಕೆ ಎಳೆಯುತ್ತದೆ. ಅಲ್ಟ್ರಾವೈಡ್‌ನಲ್ಲಂತೂ ಕೇಳುವುದೇ ಬೇಡ. ನಾಲ್ಕು ಹೆಜ್ಜೆ ಹಿಂದೆ ಹೋಗಿ, ಎರಡೂ ತುದಿಯಲ್ಲಿ ಜಾಗ ಬಿಟ್ಟು ತೆಗೆದರೆ ಚಿಕ್ಕಪ್ಪನ ಮಾನ ಉಳಿಯುತ್ತದೆ.

ಓಡುವ, ಹಾರುವ ವಿಷಯಗಳಲ್ಲಿ ಇಷ್ಟೆಲ್ಲ ಯೋಚಿಸಲು ಪುರುಸೊತ್ತು ಎಲ್ಲಿದೆ ಎಂದು ಕೇಳಬಹುದು. ಯೋಚನೆ ಮೊದಲೇ ಮುಗಿದಿರಬೇಕು. ಕರಾವಳಿಯ ಕಂಬಳದಲ್ಲಿ ಇದನ್ನು ಚೆನ್ನಾಗಿ ನೋಡಬಹುದು. ಜೋಡುಕರೆಯ (ಕೋಣಗಳು ಓಡುವ ಜೋಡಿ ಕೆಸರು ಓಣಿಗಳ) ಮಂಜೊಟ್ಟಿಯ ಕಡೆ, ಅಂದರೆ ಓಟ ಮುಗಿಯುವ ತುದಿಯಲ್ಲಿ, ಕ್ಯಾಮೆರಾದವರ ದಂಡೇ ಇರುತ್ತದೆ. ಹೊಸಬರು ಕೋಣಗಳನ್ನು ಹಿಂಬಾಲಿಸುತ್ತಾ ಫೋನು ತಿರುಗಿಸುತ್ತಾರೆ. ಸಿಕ್ಕಿದ ಚಿತ್ರದಲ್ಲಿ ಕೋಣದ ಕೊಂಬಿನ ಮೇಲೆ ಜಾಹೀರಾತಿನ ಬ್ಯಾನರು, ಓಡಿಸುವವನ ತಲೆಯ ಮೇಲೆ ಧ್ವನಿವರ್ಧಕ. ಪಳಗಿದವರು ಕೋಣ ಹೊರಡುವ ಮೊದಲೇ ಹಿನ್ನೆಲೆಯನ್ನು ಆರಿಸಿಕೊಂಡು ಕೂತಿರುತ್ತಾರೆ. ಕೆಸರುನೀರಿನ ಹನಿ ಬಿಳಿ ಆಕಾಶದ ಮೇಲೆ ಕಾಣುವುದೇ ಇಲ್ಲ, ತೆಂಗಿನ ತೋಟದ ನೆರಳಿನ ಮೇಲಾದರೆ ಒಂದೊಂದೂ ಎಣಿಸಬಹುದು. ಬೆಳಗಿನ ಅಥವಾ ಸಂಜೆಯ ಓರೆಬಿಸಿಲು ನೀರಿನ ಹಿಂದಿನಿಂದ ಬರುವ ಹಾಗಿದ್ದರೆ ಆ ಹನಿಗಳು ಹೊತ್ತಿಕೊಂಡಂತೆ ಹೊಳೆಯುತ್ತವೆ. ಆ ನೆರಳು, ಆ ಬಿಸಿಲು, ಕರೆಯ ಇಂಥ ಜಾಗ ಎಂದು ನಿಶ್ಚಯಿಸಿ, ನೆಲಕ್ಕೆ ಹತ್ತಿರ ಕೂತು, ಕೋಣಗಳು ಆ ಚೌಕಟ್ಟಿನೊಳಗೆ ಬರುವವರೆಗೆ ಕಾಯುತ್ತಾರೆ. ಹಗ್ಗ ಹಿಡಿದವನು ಹಿಂದಕ್ಕೆ ವಾಲಿದ ಓರೆಗೆರೆಯೊಂದು ಸಿಕ್ಕಿಬಿಟ್ಟರೆ ವೇಗ ತಾನಾಗಿ ಚಿತ್ರದೊಳಗೆ ಬರುತ್ತದೆ. ಕೋಣಗಳ ಮುಂದೆ ಸ್ವಲ್ಪ ಖಾಲಿ ಜಾಗ ಬಿಡಿ, ಅವಕ್ಕೆ ಓಡಲು ನೆಲ ಬೇಕು. ಸಂಘಟಕರು ಹಾಕಿದ ಗೆರೆಯನ್ನಂತೂ ದಾಟಬೇಡಿ, ಅಷ್ಟು ವೇಗದಲ್ಲಿ ಬರುವ ಕೋಣಗಳು ಫೋಟೋಗ್ರಾಫರ್ ಎಂದು ರಿಯಾಯಿತಿ ತೋರಿಸುವುದಿಲ್ಲ.

ಕಳೆಯಿರಿ, ಕಳೆಯಿರಿ ಎಂದು ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಕೆಲವರು ಇದನ್ನು ಅತಿಗೆ ಒಯ್ದು, ಹಿನ್ನೆಲೆಯನ್ನೆಲ್ಲ ಪೋರ್ಟ್ರೇಟ್ ಮೋಡಿನಲ್ಲಿ ಮಸುಕು ಮಾಡಿ, ಸಂತೆಯಲ್ಲಿ ತೆಗೆದ ಮುಖವನ್ನೂ ಸ್ಟುಡಿಯೋದಲ್ಲಿ ತೆಗೆದದ್ದರಂತೆ ಮಾಡಿಬಿಡುತ್ತಾರೆ. ನನಗೆ ಈ ಮಸುಕಿನ ಮೋಹ ಹಿಡಿಸುವುದಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ದೇಶವಿದೇಶದ ಪತ್ರಿಕೆಗಳಿಗೆ ತೆಗೆದ ಸಾಮಾನ್ಯ ಜನರ ಚಿತ್ರಗಳನ್ನು ನೋಡಿ. ಮನುಷ್ಯ ಎಲ್ಲಿ ನಿಂತಿದ್ದಾನೆ, ಏನು ಮಾಡುತ್ತಿದ್ದಾನೆ, ಸುತ್ತ ಯಾರಿದ್ದಾರೆ ಎಲ್ಲವೂ ಅಲ್ಲಿರುತ್ತದೆ, ಆದರೂ ಗೊಂದಲವಿಲ್ಲ. ಜೈಪುರದಲ್ಲಿ ಹುಟ್ಟಿದ ರಘುಬೀರ್ ಸಿಂಗ್ ಇನ್ನೂ ಮುಂದೆ ಹೋದವನು. ಅಂಬಾಸಿಡರ್ ಕಾರಿನಲ್ಲಿ ಊರೂರು ಸುತ್ತುತ್ತಾ, ಕಾರಿನ ತೆರೆದ ಬಾಗಿಲು, ಕಿಟಕಿ, ಕನ್ನಡಿಗಳನ್ನೇ ಚೌಕಟ್ಟಾಗಿ ಬಳಸಿಕೊಂಡು ತೆಗೆದ ಬಣ್ಣದ ಚಿತ್ರಗಳ ಪುಸ್ತಕ ಅವನು ತೀರಿಕೊಂಡ ಮೇಲೆ, 2002ರಲ್ಲಿ ಬಂತು. ಒಂದು ಕಿಟಕಿಯಲ್ಲಿ ಒಂದು ಕಥೆ, ಕನ್ನಡಿಯಲ್ಲಿ ಇನ್ನೊಂದು. ಭಾರತದ ಬೀದಿಯ ಗಿಜಿಗಿಜಿಯನ್ನು ಅವನು ಓಡಿಸಲಿಲ್ಲ, ಒಂದೊಂದು ಖಾನೆಯಲ್ಲಿ ಕೂರಿಸಿದ. ದಸರಾ ಜಂಬೂಸವಾರಿಯಲ್ಲಿ ಎದುರಿನವರ ಎತ್ತಿದ ಕೈಗಳು ಅಂಬಾರಿಗೆ ಅಡ್ಡ ಬರುತ್ತವೆ ಎಂದು ಗೊಣಗುವವರು ಇದನ್ನು ಪ್ರಯತ್ನಿಸಬಹುದು. ಆ ಕೈಗಳು, ಆ ಫೋನುಗಳು, ಅವುಗಳ ಪರದೆಯಲ್ಲಿ ಪುಟ್ಟ ಪುಟ್ಟ ಆನೆಗಳು. ಅಂಬಾರಿಯೊಂದರದ್ದೇ ಚಿತ್ರ ಮರುದಿನದ ಪೇಪರಿನಲ್ಲಿ ಹೇಗೂ ಬರುತ್ತದೆ.

ಉಳಿದದ್ದು ಕ್ರಾಪ್. ತೆಗೆದ ಮೇಲೆ ಕತ್ತರಿಸುವುದು ಮೋಸವಲ್ಲವೇ ಎಂದು ಕೇಳುವ ಶುದ್ಧಾಚಾರಿಗಳು ಕಾರ್ತಿಯೆ-ಬ್ರೆಸ್ಸೋನ್‌ನ ಹೆಸರನ್ನೇ ಮುಂದಿಡುತ್ತಾರೆ. ಕ್ಲಿಕ್ ಮಾಡುವಾಗಲೇ ಚೌಕಟ್ಟು ಮುಗಿದಿರಬೇಕು, ಆಮೇಲೆ ಕತ್ತರಿ ಆಡಿಸಬಾರದು ಎಂಬುದು ಅವನ ಪ್ರಸಿದ್ಧ ಹಟ. ಆದರೆ ಅವನ ಅತಿ ಪ್ರಸಿದ್ಧ ಚಿತ್ರಗಳಲ್ಲೊಂದು, 1932ರಲ್ಲಿ ಪ್ಯಾರಿಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂದೆ ನೀರಿನ ಗುಂಡಿ ಹಾರುತ್ತಿರುವ ಮನುಷ್ಯನದು, ಕತ್ತರಿಸಿದ ಚಿತ್ರವೇ. ಹಲಗೆಬೇಲಿಯ ಸಂದಿಯಲ್ಲಿ ಲೆನ್ಸು ತೂರಿಸಿ ತೆಗೆದದ್ದು; ಸಂದಿ ಸಾಲದೆ ಹಲಗೆ ಒಂದು ಬದಿಯನ್ನು ನುಂಗಿತ್ತು. ಆ ಬದಿಯನ್ನು ತೆಗೆದುಹಾಕಿದ ಮೇಲೆ ಉಳಿದದ್ದು ನೀರಿಗೆ ಇನ್ನೇನು ತಾಗಲಿರುವ ಹಿಮ್ಮಡಿ, ನೀರಿನೊಳಗಿನ ಅವನದೇ ಪ್ರತಿಬಿಂಬ, ಹಿಂದಿನ ಗೋಡೆಯ ಪೋಸ್ಟರಿನಲ್ಲಿ ಹಾರುತ್ತಿರುವ ಇನ್ನೊಂದು ಆಕೃತಿ.

ಹಾಗಾಗಿ ಕ್ರಾಪ್ ಮಾಡಿ, ಧಾರಾಳವಾಗಿ ಮಾಡಿ. ಮೂಲ ಚಿತ್ರವನ್ನು ಮಾತ್ರ ಅಳಿಸಬೇಡಿ. ತಿಂಗಳಿಗೊಮ್ಮೆ ಕೂತು ಮೂಲವನ್ನೂ ಕತ್ತರಿಸಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಿಮ್ಮ ಕೈಗಂಟಿದ ಚಾಳಿ ಗೊತ್ತಾಗುತ್ತದೆ. ಬಹಳ ಮಂದಿ ಪ್ರತಿ ಚಿತ್ರದಲ್ಲೂ ಕೆಳಗಿನ ಖಾಲಿ ನೆಲವನ್ನೇ ಕತ್ತರಿಸಿರುತ್ತಾರೆ. ಅಂಥವರು ನಿಂತಲ್ಲಿಂದ ಮೂರು ಹೆಜ್ಜೆ ಮುಂದೆ ಹೋಗಬೇಕಿತ್ತು, ಇಲ್ಲವೇ ಫೋನನ್ನು ಎದೆಯ ಮಟ್ಟಕ್ಕೆ ಇಳಿಸಿ ನೆಟ್ಟಗೆ ಹಿಡಿಯಬೇಕಿತ್ತು. ಯಾವಾಗಲೂ ಒಂದೇ ಬದಿ ಕತ್ತರಿಸುವವರೂ ಇದ್ದಾರೆ. ಅವರು ಮುಂದಿನ ಸಲ ಒತ್ತುವ ಮೊದಲು ಆ ಬದಿಯ ಅಂಚನ್ನು ಒಮ್ಮೆ ನೋಡಿಕೊಂಡರೆ ಮನೆಗೆ ಬಂದು ಕತ್ತರಿಸುವ ಕೆಲಸ ಅಷ್ಟು ಉಳಿಯುತ್ತದೆ.